ಬೆಸ ಅಂಕಿಗಳ ಸುತ್ತುಮಾಲೆ: ಕಂಡ ಕ್ರಮದಿಂದ ತಿಳಿದ ಕಾರಣದೆಡೆಗೆ

ತರಗತಿ: 6ರಿಂದ 8
ಅವಧಿ: ನಾಲ್ಕು ಪೀರಿಯಡ್‌ಗಳು
ಪೂರ್ವಜ್ಞಾನ: ಸ್ಥಾನಬೆಲೆ, ಭಾಗಾಕಾರ ಮತ್ತು ಶೇಷ, 3, 5, 9 ಹಾಗೂ 11ರ ಭಾಜ್ಯತೆಯ ನಿಯಮಗಳು
ಸಾಮಗ್ರಿ: ತೊಗರಿ ಕಾಳು, ಚೌಕುಳಿ ಹಾಳೆ, ಸೀಮೆಸುಣ್ಣ

ಪೀಠಿಕೆ

ಗಣಿತದ ತರಗತಿಯಲ್ಲಿ ಮಕ್ಕಳು ಕ್ರಮವೊಂದನ್ನು ಬೇಗ ಗುರುತಿಸುತ್ತಾರೆ. ಮೂರು ನಾಲ್ಕು ಉದಾಹರಣೆಗಳು ಒಂದೇ ಬಗೆಯಾಗಿ ಬಂದೊಡನೆ ಮುಂದಿನದೂ ಹಾಗೆಯೇ ಇರುವುದೆಂದು ನಂಬಿಬಿಡುತ್ತಾರೆ. ಕ್ರಮವನ್ನು ಗುರುತಿಸುವುದು ಒಳ್ಳೆಯ ಆರಂಭ. ಆದರೆ ಅಷ್ಟಕ್ಕೇ ನಿಂತರೆ ಗಣಿತವು ಊಹೆಯ ಆಟವಾಗಿ ಉಳಿಯುತ್ತದೆ. ಕಂಡ ಕ್ರಮಕ್ಕೆ ಕಾರಣವನ್ನು ಹೇಳಬಲ್ಲವನಾದಾಗಲೇ ವಿದ್ಯಾರ್ಥಿಯು ಅದನ್ನು ನಿಯಮವೆಂದು ಕರೆಯಲು ಅಧಿಕಾರ ಪಡೆಯುತ್ತಾನೆ. ಈ ಪಾಠವು 1, 3, 5, 7, 9 ಎಂಬ ಐದೇ ಅಂಕಿಗಳನ್ನು ಬಳಸಿ ಆ ಒಂದು ಮಾತನ್ನು ಮನಗಾಣಿಸುತ್ತದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲಿನ ಎರಡು ಊರುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿರೇಖೆ ಸರಿದರೂ ಮನೆಮಾತು ಸರಿಯಲಿಲ್ಲ. ಅದೇ ವರ್ಷ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಇಲ್ಲಿ ಕನ್ನಡದಲ್ಲಿ ಕಲಿಯುವ ಮಗು ಮುಂದೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಬೇಕಾಗಬಹುದು. ಆಗ ಪಾರಿಭಾಷಿಕ ಶಬ್ದಗಳು ಬದಲಾಗುತ್ತವೆ. ಬಾಯಿಪಾಠ ಮಾಡಿದ ನಿಯಮವು ಶಬ್ದದೊಡನೆ ಕಳೆದುಹೋಗುತ್ತದೆ. ಕಾರಣ ತಿಳಿದು ಕಲಿತ ನಿಯಮ ಮಾತ್ರ ಮಾಧ್ಯಮ ಬದಲಾದರೂ ಉಳಿಯುತ್ತದೆ.

ಮೊದಲನೆಯ ಹಂತ: ಸುತ್ತು ಮತ್ತು ಶೇಷ

ಕರಿಹಲಗೆಯ ಮೇಲೆ ಹೀಗೆ ಬರೆಯುವುದು:

1, 3, 5, 7, 9, 1, 3, 5, 7, 9, 1, 3, 5, …

ಇದಕ್ಕೆ ‘ಸುತ್ತು’ ಎಂಬ ಮಾತನ್ನು ಬಳಸಬಹುದು. ಐದು ಅಂಕಿಗಳಾದೊಡನೆ ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಮೊದಲಾಗುತ್ತದೆ. 12ನೆಯ ಸ್ಥಾನದಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರೆ ಮಕ್ಕಳು ಬೆರಳು ಮಡಚಿ ಎಣಿಸಿ 3 ಎನ್ನುತ್ತಾರೆ. ಬಳಿಕ 73ನೆಯ ಸ್ಥಾನವನ್ನು ಕೇಳಬೇಕು. ಎಣಿಸುವುದು ಬೇಸರವೆನಿಸಿದಾಗಲೇ ಉಪಾಯದ ಅಗತ್ಯ ತೋರುತ್ತದೆ.

73ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 14, ಶೇಷ 3. ಅಂದರೆ 14 ಸುತ್ತುಗಳು ಪೂರ್ಣವಾಗಿ ಮುಗಿದಿವೆ; ಹೊಸ ಸುತ್ತಿನಲ್ಲಿ ಮೂರು ಹೆಜ್ಜೆ ನಡೆದಾಗಿದೆ. ಮೂರನೆಯ ಹೆಜ್ಜೆಯ ಅಂಕಿ 5. ಆದ್ದರಿಂದ ಉತ್ತರ 5. ಇಲ್ಲಿ ಭಾಗಲಬ್ಧವು ‘ಎಷ್ಟು ಸುತ್ತು’ ಎಂಬುದನ್ನೂ ಶೇಷವು ‘ಎಷ್ಟನೆಯ ಹೆಜ್ಜೆ’ ಎಂಬುದನ್ನೂ ಹೇಳುತ್ತದೆ. ಭಾಗಾಕಾರದ ಎರಡು ಫಲಗಳಿಗೂ ಅರ್ಥವಿದೆ ಎಂಬುದನ್ನು ಮಕ್ಕಳು ಬಾಯಿಬಿಟ್ಟು ಹೇಳುವಂತೆ ಮಾಡಬೇಕು.

ಎಡವುವ ಸ್ಥಳವೊಂದು ಇಲ್ಲಿದೆ. 100ನೆಯ ಸ್ಥಾನವನ್ನು ಕೇಳಿದಾಗ ಶೇಷ 0 ಬರುತ್ತದೆ. ಸೊನ್ನೆಯ ಹೆಜ್ಜೆ ಎಂಬುದು ಇಲ್ಲವಾದುದರಿಂದ ಕೆಲವರು ‘ಯಾವ ಅಂಕಿಯೂ ಇಲ್ಲ’ ಎನ್ನುತ್ತಾರೆ. ಕೆಲವರು 1 ಎನ್ನುತ್ತಾರೆ. ಉತ್ತರವನ್ನು ತಿದ್ದಿ ಹೇಳುವ ಬದಲು 5ನೆಯ, 10ನೆಯ, 15ನೆಯ ಸ್ಥಾನಗಳನ್ನು ಎಣಿಸಿ ನೋಡಲು ಹೇಳುವುದು ಲೇಸು. ಮೂರರಲ್ಲಿಯೂ 9 ದೊರೆಯುತ್ತದೆ. ಶೇಷ 0 ಎಂದರೆ ಸುತ್ತು ಸರಿಯಾಗಿ ಮುಗಿದಿದೆ, ಅಂದರೆ ಕೊನೆಯ ಅಂಕಿಯ ಮೇಲೆ ನಿಂತಿದ್ದೇವೆ ಎಂಬ ಅರ್ಥವನ್ನು ಅವರೇ ಕಂಡುಕೊಳ್ಳುತ್ತಾರೆ.

ಸುತ್ತಿನ ಉದ್ದವನ್ನು ಬದಲಿಸಿಯೂ ನೋಡಿಸಬೇಕು. 1, 3, 5, 1, 3, 5, … ಎಂಬ ಮೂರರ ಸುತ್ತಿನಲ್ಲಿ 73ನೆಯ ಅಂಕಿ ಯಾವುದು? 73 = 24 × 3 + 1; ಆದ್ದರಿಂದ 1. ಭಾಜಕವು ಸುತ್ತಿನ ಉದ್ದವೇ ಆಗಿರುತ್ತದೆ ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಹಂತ: ಬೆಸ ಸಂಖ್ಯೆಗಳ ಮೊತ್ತ

ಮುಂದಿನ ಹಂತಕ್ಕೆ ಒಂದು ಸಿದ್ಧತೆ ಬೇಕು. 1ರಿಂದ ಮೊದಲುಗೊಂಡು ಬೆಸ ಸಂಖ್ಯೆಗಳನ್ನು ಕೂಡುತ್ತ ಹೋದರೆ ವರ್ಗಸಂಖ್ಯೆಗಳು ದೊರೆಯುತ್ತವೆ:

1 = 1
1 + 3 = 4
1 + 3 + 5 = 9
1 + 3 + 5 + 7 = 16
1 + 3 + 5 + 7 + 9 = 25

ತಾಂಡೂರಿನ ಸುತ್ತಮುತ್ತಲಿನ ಮಕ್ಕಳಿಗೆ ಹಾಸುಗಲ್ಲು ಹೊಸದಲ್ಲ. ಅಲ್ಲಿಯ ಗಣಿಗಳ ಬಂಡೆ ದೂರದ ಊರುಗಳ ನೆಲಕ್ಕೂ ಹೋಗುತ್ತದೆ. ಚೌಕಾಕಾರದ ಒಂದು ಕಲ್ಲನ್ನು ಮೂಲೆಯಲ್ಲಿ ಹಾಕಿ, ಅದಕ್ಕೆ ಬಲಗಡೆ ಒಂದು, ಕೆಳಗಡೆ ಒಂದು, ಮೂಲೆಗೆ ಒಂದು ಸೇರಿಸಿದರೆ ಎರಡಕ್ಕೆ ಎರಡರ ಚೌಕವಾಗುತ್ತದೆ. ಅದಕ್ಕೆ ಬಲಗಡೆ ಎರಡು, ಕೆಳಗಡೆ ಎರಡು, ಮೂಲೆಗೆ ಒಂದು ಸೇರಿಸಿದರೆ ಮೂರಕ್ಕೆ ಮೂರರ ಚೌಕ. ಪ್ರತಿ ಸಲ ಸೇರುವ ಕಲ್ಲುಗಳು ಎರಡು ಸಮಾನ ಸಾಲುಗಳು ಮತ್ತು ಮೂಲೆಯ ಒಂದು ಕಲ್ಲು. ಎರಡು ಸಮಾನ ಸಾಲುಗಳ ಮೊತ್ತ ಸಮ. ಅದಕ್ಕೆ ಒಂದು ಕೂಡಿದರೆ ಬೆಸ. ಹಿಂದಿನ ಸಲಕ್ಕಿಂತ ಪ್ರತಿ ಸಾಲಿಗೂ ಒಂದೊಂದು ಕಲ್ಲು ಹೆಚ್ಚುವುದರಿಂದ ಸೇರುವ ಸಂಖ್ಯೆ ಎರಡೆರಡರಂತೆ ಏರುತ್ತದೆ. ಚೌಕುಳಿ ಹಾಳೆಯ ಮೇಲೆ ತೊಗರಿ ಕಾಳಿಟ್ಟು ಇದನ್ನೇ ಮಾಡಬಹುದು.

ಈ ಚಟುವಟಿಕೆಯಲ್ಲಿ ಕಾರಣವು ಕಣ್ಣಿಗೆ ಕಾಣುತ್ತದೆ. ಹತ್ತು ಬೆಸ ಸಂಖ್ಯೆಗಳ ಮೊತ್ತ 100 ಎಂದು ಕೂಡದೆಯೇ ಹೇಳುವ ಧೈರ್ಯವು ಆ ಕಾರಣದಿಂದ ಬರುತ್ತದೆ.

ಮೂರನೆಯ ಹಂತ: ಊಹೆ ಮುರಿಯುವ ಸ್ಥಳ

ಈಗ ಸುತ್ತಿನ ಅಂಕಿಗಳನ್ನು ಒತ್ತಟ್ಟಿಗೆ ಬರೆದು ಸಂಖ್ಯೆಗಳನ್ನು ಕಟ್ಟಬೇಕು. ಮೊದಲ ಪದ 1, ಎರಡನೆಯದು 13, ಮೂರನೆಯದು 135, ಹೀಗೆ ಒಂದೊಂದು ಅಂಕಿಯನ್ನು ಬಲಕ್ಕೆ ಸೇರಿಸುತ್ತ ಹೋದರೆ

1, 13, 135, 1357, 13579, 135791, 1357913, 13579135, …

ಎಂಬ ಅನುಕ್ರಮ ದೊರೆಯುತ್ತದೆ. ಪ್ರತಿ ಪದದ ಅಂಕಿಗಳ ಮೊತ್ತವನ್ನು ಬರೆಯಲು ಹೇಳುವುದು. ಮೊದಲ ಐದು ಮೊತ್ತಗಳು 1, 4, 9, 16, 25. ಇಲ್ಲಿ ನಿಲ್ಲಿಸಿ, ಆರನೆಯ ಪದದ ಅಂಕಿಮೊತ್ತ ಎಷ್ಟೆಂದು ಕೇಳಬೇಕು. ತರಗತಿಯ ಬಹುಪಾಲು ಮಕ್ಕಳು 36 ಎನ್ನುವುದು ಸಹಜ. ಆ ಉತ್ತರವನ್ನು ಹಲಗೆಯ ಮೇಲೆ ಬರೆದು, ಆ ಬಳಿಕವೇ ಕೂಡಿ ನೋಡಿಸಬೇಕು: 1 + 3 + 5 + 7 + 9 + 1 = 26.

ಪಾಠದ ಹೃದಯ ಇಲ್ಲಿದೆ. 36 ಎಂದ ಮಗುವನ್ನು ನಗೆಗೆ ಗುರಿಮಾಡಬಾರದು. ಐದು ಸಲ ನಿಜವಾದುದನ್ನು ಆರನೆಯ ಸಲವೂ ನಿಜವಾಗುವುದೆಂದು ಅದು ನಿರೀಕ್ಷಿಸಿತು, ನಿರೀಕ್ಷೆ ಸಹಜವಾದುದು. ಕೇಳಬೇಕಾದ ಪ್ರಶ್ನೆ ಒಂದೇ: ‘ಐದರವರೆಗೆ ಏಕೆ ಹೊಂದಿತು, ಆರರಲ್ಲಿ ಏಕೆ ತಪ್ಪಿತು?’ ಹಿಂದಿನ ಹಂತದ ಹಾಸುಗಲ್ಲುಗಳನ್ನು ನೆನಪಿಸಿದರೆ ಉತ್ತರ ಹೊಳೆಯುತ್ತದೆ. ಐದಕ್ಕೆ ಐದರ ಚೌಕವನ್ನು ಆರಕ್ಕೆ ಆರರ ಚೌಕ ಮಾಡಲು 11 ಕಲ್ಲುಗಳು ಬೇಕು. ನಮ್ಮ ಸುತ್ತಿನಲ್ಲಿ 9ರ ಬಳಿಕ ಬಂದುದು 11 ಅಲ್ಲ, 1 ಮಾತ್ರ. ಹತ್ತು ಕಲ್ಲು ಕಡಿಮೆಯಾಯಿತು. ಮೊತ್ತದಲ್ಲಿಯೂ 36ಕ್ಕೂ 26ಕ್ಕೂ ಇರುವ ಅಂತರ ಹತ್ತೇ.

ಹಾಗಾದರೆ ವರ್ಗಸಂಖ್ಯೆಗಳು ಕಾಣೆಯಾದವೇ? ಹದಿನೈದು ಪದಗಳ ಅಂಕಿಮೊತ್ತಗಳನ್ನು ಸುತ್ತಿಗೊಂದು ಸಾಲಿನಂತೆ ಬರೆಸಬೇಕು:

ಮೊದಲ ಸುತ್ತು: 1, 4, 9, 16, 25
ಎರಡನೆಯ ಸುತ್ತು: 26, 29, 34, 41, 50
ಮೂರನೆಯ ಸುತ್ತು: 51, 54, 59, 66, 75

ಎರಡನೆಯ ಸಾಲಿನ ಪ್ರತಿ ಸಂಖ್ಯೆಯೂ ಮೊದಲ ಸಾಲಿನ ಸಂಖ್ಯೆಗಿಂತ 25 ಹೆಚ್ಚು. ಮೂರನೆಯದು 50 ಹೆಚ್ಚು. ಮುಗಿದ ಪ್ರತಿ ಸುತ್ತೂ 25ನ್ನು ಕೂಡಿಸುತ್ತದೆ. ಉಳಿದ ಹೆಜ್ಜೆಗಳು ತಮ್ಮ ವರ್ಗವನ್ನು ಕೂಡಿಸುತ್ತವೆ. ಆದ್ದರಿಂದ ಪದದ ಸ್ಥಾನವನ್ನು 5ರಿಂದ ಭಾಗಿಸಿ, ಭಾಗಲಬ್ಧವನ್ನು 25ರಿಂದ ಗುಣಿಸಿ, ಶೇಷದ ವರ್ಗವನ್ನು ಕೂಡಿದರೆ ಅಂಕಿಮೊತ್ತ ದೊರೆಯುತ್ತದೆ. 73ನೆಯ ಪದಕ್ಕೆ 14 × 25 + 3 × 3 = 359. ಎಪ್ಪತ್ತಮೂರು ಅಂಕಿಗಳ ಸಂಖ್ಯೆಯನ್ನು ಬರೆಯದೆಯೇ ಅದರ ಅಂಕಿಮೊತ್ತ ಕೈಗೆ ಬಂದಿತು. ಮುರಿದ ಊಹೆಯ ಕಾರಣವನ್ನು ಹುಡುಕಿದ್ದರಿಂದಲೇ ಮುರಿಯದ ನಿಯಮ ಸಿಕ್ಕಿತೆಂಬುದನ್ನು ಮಕ್ಕಳ ಗಮನಕ್ಕೆ ತರಬೇಕು.

ನಾಲ್ಕನೆಯ ಹಂತ: 3ರಿಂದ ಭಾಗವಾಗುವ ಪದಗಳು

ಅಂಕಿಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಎಂಬ ನಿಯಮ ಮಕ್ಕಳಿಗೆ ಗೊತ್ತಿರುತ್ತದೆ. ಕಾರಣ ಗೊತ್ತಿರುವುದು ಅಪರೂಪ. 135ನ್ನು ಬಿಡಿಸಿ ತೋರಿಸಬಹುದು. 100 ಎಂದರೆ 99 + 1. 10 ಎಂದರೆ 9 + 1. ಆದ್ದರಿಂದ

135 = 1 × (99 + 1) + 3 × (9 + 1) + 5 = (99 + 27) + (1 + 3 + 5).

ಮೊದಲ ಆವರಣದಲ್ಲಿರುವುದೆಲ್ಲ 9ರ ಅಪವರ್ತ್ಯ. ಹಾಗಾಗಿ 3ರ ಅಪವರ್ತ್ಯವೂ ಹೌದು. ಶೇಷವನ್ನು ನಿರ್ಧರಿಸುವುದು ಎರಡನೆಯ ಆವರಣ, ಅಂದರೆ ಅಂಕಿಮೊತ್ತ ಮಾತ್ರ.

ಈಗ ಮೇಲಿನ ಮೂರು ಸಾಲುಗಳನ್ನು 3ರಿಂದ ಭಾಗಿಸಿ ಶೇಷಗಳನ್ನು ಬರೆಸುವುದು:

ಮೊದಲ ಸುತ್ತು: 1, 1, 0, 1, 1
ಎರಡನೆಯ ಸುತ್ತು: 2, 2, 1, 2, 2
ಮೂರನೆಯ ಸುತ್ತು: 0, 0, 2, 0, 0

ನಾಲ್ಕನೆಯ ಸುತ್ತಿನಲ್ಲಿ ಮತ್ತೆ 1, 1, 0, 1, 1. ಮೂರು ಸುತ್ತುಗಳ ಮೊತ್ತ 75, ಅದು 3ರ ಅಪವರ್ತ್ಯ. ಆದ್ದರಿಂದ ಹದಿನೈದು ಪದಗಳಿಗೊಮ್ಮೆ ಶೇಷಗಳು ಮರಳಿ ಬರುತ್ತವೆ. ಅಂಕಿಗಳ ಸುತ್ತು ಐದರದು, ಶೇಷಗಳ ಸುತ್ತು ಹದಿನೈದರದು.

ಇಲ್ಲಿ ಮಕ್ಕಳು ಎಣಿಸಿ ಅಚ್ಚರಿಪಡುವ ಸಂಗತಿಯಿದೆ. ಹದಿನೈದು ಶೇಷಗಳಲ್ಲಿ 0 ಐದು ಸಲ, 1 ಐದು ಸಲ, 2 ಐದು ಸಲ ಬಂದಿವೆ. ಇದು ಆಕಸ್ಮಿಕವಲ್ಲ. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿಸಬೇಕು: 1, 2, 0, 1, 2, 0, 0, 1, 2, 1, 2, 0, 1, 2, 0. 25ನ್ನು 3ರಿಂದ ಭಾಗಿಸಿದರೆ ಶೇಷ 1 ಆದುದರಿಂದ ಪ್ರತಿ ಸುತ್ತಿಗೂ ಶೇಷವು ಒಂದೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಆದಕಾರಣ ಪ್ರತಿ ಕಂಬಸಾಲಿನಲ್ಲಿಯೂ ಮೂರು ಶೇಷಗಳೂ ಒಂದೊಂದು ಸಲ ಬರಲೇಬೇಕು. ಐದು ಕಂಬಸಾಲುಗಳಿಂದ ಐದೈದು.

ಈ ಅನುಕ್ರಮದಲ್ಲಿ 15ರಿಂದ ಭಾಗವಾಗುವ ಪದಗಳು ಯಾವುವು ಎಂಬ ಪ್ರಶ್ನೆ ಈಗ ಸುಲಭ. ಕೊನೆಯ ಅಂಕಿ 5 ಆಗಬೇಕಾದುದರಿಂದ 3, 8, 13ನೆಯ ಪದಗಳನ್ನು ಮಾತ್ರ ನೋಡಿದರೆ ಸಾಕು. ಅವುಗಳ ಶೇಷಗಳು ಕ್ರಮವಾಗಿ 0, 1, 2. ಆದ್ದರಿಂದ ಹದಿನೈದಕ್ಕೊಂದರಂತೆ 3, 18, 33, 48, … ನೆಯ ಪದಗಳು ಮಾತ್ರ 15ರಿಂದ ಭಾಗವಾಗುತ್ತವೆ.

ಐದನೆಯ ಹಂತ: ತುಂಡು ಮರಳಿದಾಗ

ಹತ್ತನೆಯ ಪದ 1357913579. ಇದರಲ್ಲಿ 13579 ಎಂಬ ತುಂಡು ಎರಡು ಸಲ ಬಂದಿದೆ. ಸ್ಥಾನಬೆಲೆಯ ದೃಷ್ಟಿಯಿಂದ ಎಡಗಡೆಯ ತುಂಡಿನ ಬೆಲೆ 13579 × 100000, ಬಲಗಡೆಯದು 13579. ಕೂಡಿದರೆ

1357913579 = 13579 × 100001.

ಹದಿನೈದನೆಯ ಪದ 13579 × 10000100001. ಹೀಗೆ 5, 10, 15, 20, … ನೆಯ ಪದಗಳೆಲ್ಲ 13579ರ ಅಪವರ್ತ್ಯಗಳು. 13579 = 37 × 367; ಆದ್ದರಿಂದ ಈ ಸ್ಥಾನಗಳಲ್ಲಿ ಅವಿಭಾಜ್ಯ ಸಂಖ್ಯೆ ಎಂದೂ ದೊರೆಯದು. ಹುಡುಕದೆಯೇ ಇದನ್ನು ಹೇಳಬಹುದು. 100001 = 11 × 9091 ಆದುದರಿಂದ ಹತ್ತನೆಯ ಪದವು 11ರಿಂದಲೂ ಭಾಗವಾಗುತ್ತದೆ. 11ರ ಭಾಜ್ಯತೆಯ ನಿಯಮದಿಂದ ಮಕ್ಕಳು ತಾಳೆ ನೋಡಲಿ.

ಇದೇ ಉಪಾಯವನ್ನು ಮೂರಂಕಿಯ ತುಂಡಿಗೆ ಅನ್ವಯಿಸಿದರೆ 135135 = 135 × 1001. 1001 = 7 × 11 × 13. ಆದ್ದರಿಂದ 135135ನ್ನು 7ರಿಂದ ಭಾಗಿಸಿದರೆ 19305, ಅದನ್ನು 11ರಿಂದ ಭಾಗಿಸಿದರೆ 1755, ಅದನ್ನು 13ರಿಂದ ಭಾಗಿಸಿದರೆ ಮೊದಲಿನ 135 ಮರಳಿ ಬರುತ್ತದೆ. ಪ್ರತಿ ಮಗುವೂ ತನಗೆ ಬೇಕಾದ ಮೂರಂಕಿಯ ಸಂಖ್ಯೆಯನ್ನು ಆರಿಸಿಕೊಂಡು ಮಾಡಿ ನೋಡಲಿ.

ಬಳಿಕ ಶಿಕ್ಷಕರು ಒಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: ‘ಇಲ್ಲಿ ಅಂಕಿಗಳು ಬೆಸವಾಗಿರಲೇಬೇಕೇ?’ 246246 ಎಂಬುದನ್ನು ಪರೀಕ್ಷಿಸಿದರೆ ಅದೂ 7, 11, 13ರಿಂದ ಭಾಗವಾಗುತ್ತದೆ. ಹಾಗಾದರೆ ಈ ಗುಣಕ್ಕೆ ಕಾರಣ ಬೆಸವಲ್ಲ, ಮರಳಿಕೆ. ಆದರೆ ಎರಡನೆಯ ಹಂತದ ವರ್ಗಗಳಿಗೆ ಬೆಸವೇ ಕಾರಣ. ಅಲ್ಲಿ ಸಮ ಸಂಖ್ಯೆಗಳನ್ನಿಟ್ಟರೆ 2, 6, 12, 20 ಬರುತ್ತವೆ, ಚೌಕ ಆಗುವುದಿಲ್ಲ. ಯಾವ ಫಲಕ್ಕೆ ಯಾವ ಗುಣ ಕಾರಣ ಎಂದು ಬೇರ್ಪಡಿಸಿ ಹೇಳುವುದು ಗಣಿತಚಿಂತನೆಯ ದೊಡ್ಡ ಹೆಜ್ಜೆ. ಎಂಟನೆಯ ತರಗತಿಯ ಮಗು ಇಲ್ಲಿಗೆ ತಲುಪಿದರೆ ಪಾಠ ಸಾರ್ಥಕ.

ಆರನೆಯ ಹಂತ: ಮಹಾವೀರಾಚಾರ್ಯನ ಕಂಠಾಭರಣ

ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡದ ಕೋಟೆಯ ಪಕ್ಕದಲ್ಲಿ ಹಾಯ್ದು ಭೀಮಾ ನದಿಯನ್ನು ಸೇರುತ್ತದೆ. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ನಿಲ್ದಾಣವನ್ನು ಹಾಯುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ಗ್ರಂಥದ ಆರಂಭದಲ್ಲಿ ನೃಪತುಂಗನನ್ನು ಹೊಗಳಿದ್ದಾನೆ. ಈ ಗ್ರಂಥವನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಈ ಭಾಗದ ಮಕ್ಕಳಿಗೆ ಇದು ತಿಳಿದಿರಬೇಕಾದ ಸಂಗತಿ.

ಗುಣಾಕಾರದ ಉದಾಹರಣೆಗಳಲ್ಲಿ ಮಹಾವೀರಾಚಾರ್ಯನು ಗುಣಲಬ್ಧವು ಹಾರದಂತೆ ಎರಡು ಕಡೆಯಿಂದಲೂ ಒಂದೇ ಬಗೆಯಾಗಿ ಕಾಣುವ ಲೆಕ್ಕಗಳನ್ನು ಆರಿಸಿದ್ದಾನೆ; ಕೆಲವನ್ನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಅವುಗಳಲ್ಲಿ ಬೆಸ ಅಂಕಿಗಳು ಮರಳುವ ಮೂರು ಲೆಕ್ಕಗಳು ಇಲ್ಲಿವೆ:

139 × 109 = 15151
152207 × 73 = 11111111
12345679 × 9 = 111111111

ಮಕ್ಕಳು ಮೊದಲು ಗುಣಿಸಿ ನೋಡಲಿ. ಬಳಿಕ ಎರಡನೆಯ ಲೆಕ್ಕದ ಒಳಗುಟ್ಟನ್ನು ಐದನೆಯ ಹಂತದ ಉಪಾಯದಿಂದ ಬಿಡಿಸಬಹುದು. ಎಂಟು ಒಂದುಗಳೆಂದರೆ 1111 ಎಂಬ ತುಂಡು ಎರಡು ಸಲ. ಅಂದರೆ 1111 × 10001. 10001 = 73 × 137. ಆದ್ದರಿಂದ 73ನ್ನು ಬೇರೆ ತೆಗೆದರೆ ಉಳಿಯುವುದು 1111 × 137 = 152207. ಹನ್ನೊಂದು ಶತಮಾನಗಳ ಹಿಂದಿನ ಲೆಕ್ಕವನ್ನು ಏಳನೆಯ ತರಗತಿಯ ಮಗು ತನ್ನ ಕೈಯಾರೆ ಬಿಚ್ಚಿ ನೋಡಬಲ್ಲದು.

ಶಬ್ದಗಳ ವಿಷಯದಲ್ಲಿ ಎಚ್ಚರಿಕೆ

ಗಡಿಭಾಗದ ಮಗು ಪಠ್ಯಪುಸ್ತಕದಲ್ಲಿ ಒಂದು ಶಬ್ದವನ್ನೂ ನೆರೆಮನೆಯಲ್ಲಿ ಇನ್ನೊಂದನ್ನೂ ಕೇಳುತ್ತದೆ. ಕನ್ನಡದ ಬೆಸ ಸಂಖ್ಯೆ ತೆಲುಗಿನಲ್ಲಿ ಬೇಸಿ ಸಂಖ್ಯ. ಇವೆರಡರ ಹೋಲಿಕೆ ನೆರವಾಗುತ್ತದೆ. ಆದರೆ ಸಮ ಸಂಖ್ಯೆಗೆ ತೆಲುಗಿನಲ್ಲಿ ಸರಿ ಸಂಖ್ಯ ಎನ್ನುತ್ತಾರೆ. ಕನ್ನಡದ ಮಗುವಿಗೆ ‘ಸರಿ’ ಎಂದರೆ ತಪ್ಪಲ್ಲದ್ದು. ‘ಸರಿ ಸಂಖ್ಯೆಯನ್ನು ಗುರುತಿಸಿರಿ’ ಎಂಬಂಥ ಪ್ರಶ್ನೆಯಲ್ಲಿ ಗೊಂದಲವಾಗುವುದು ಸಹಜ. ಅವಿಭಾಜ್ಯ ಸಂಖ್ಯೆ ತೆಲುಗಿನಲ್ಲಿ ಪ್ರಧಾನ ಸಂಖ್ಯ, ಅಪವರ್ತನ ಕಾರಣಾಂಕ, ಅಪವರ್ತ್ಯ ಗುಣಿಜ. ಹಲಗೆಯ ಒಂದು ಅಂಚಿನಲ್ಲಿ ಈ ಜೋಡಿಗಳನ್ನು ಪಾಠ ಮುಗಿಯುವವರೆಗೆ ಅಳಿಸದೆ ಉಳಿಸಿದರೆ ಸಾಕು. ಬೇರೆ ಪಾಠ ಬೇಡ.

ಅದಕ್ಕಿಂತ ಮುಖ್ಯವಾದುದು ಕಾರಣ ಹೇಳುವ ಮಾತು. ಮಗು ತನ್ನ ಮನೆಮಾತಿನಲ್ಲಿ ‘ಯಾಕಂದ್ರ ಒಂಬತ್ತರ ಮ್ಯಾಲ ಹನ್ನೊಂದು ಬರಲಿಲ್ಲರೀ ಸರ್, ಒಂದೇ ಬಂತು’ ಎಂದರೆ ಅದು ಪೂರ್ಣ ಉತ್ತರ. ಭಾಷೆಯನ್ನು ತಿದ್ದುವ ಆತುರದಲ್ಲಿ ಆ ಉತ್ತರದ ಬೆಲೆಯನ್ನು ಕುಗ್ಗಿಸಬಾರದು. ಮೊದಲು ‘ಯಾಕಂದ್ರ’ಕ್ಕೆ ಒಪ್ಪಿಗೆ ದೊರೆಯಲಿ, ನೋಟ್‌ಬುಕ್ಕಿನಲ್ಲಿ ಬರೆಯುವಾಗ ‘ಏಕೆಂದರೆ’ ಎಂದಾಗಲಿ. ‘ಯಾಕಂದ್ರ’ ಎಂದು ಮೊದಲಾದ ವಾಕ್ಯವನ್ನು ಪೂರ್ಣಗೊಳಿಸಬಲ್ಲ ಮಗು ನಾಳೆ ಬೇರೆ ಭಾಷೆಯಲ್ಲಿಯೂ ಅದನ್ನು ಪೂರ್ಣಗೊಳಿಸುತ್ತದೆ.

ಅಭ್ಯಾಸ

1. 1, 3, 5, 7, 9ರ ಸುತ್ತಿನಲ್ಲಿ 128ನೆಯ ಅಂಕಿ ಯಾವುದು?
2. 1, 13, 135, … ಅನುಕ್ರಮದ 20ನೆಯ ಪದದ ಅಂಕಿಮೊತ್ತ ಎಷ್ಟು? ಆ ಪದವನ್ನು 3ರಿಂದ ಭಾಗಿಸಿದರೆ ಶೇಷ ಎಷ್ಟು?
3. 73ನೆಯ ಪದವು 3ರಿಂದ ಭಾಗವಾಗುವುದೇ? ಎರಡು ರೀತಿಯಿಂದ ತೋರಿಸಿರಿ.
4. 1357 ಅವಿಭಾಜ್ಯವೇ? 3, 5, 7, 11ರಿಂದ ಭಾಗವಾಗದಿದ್ದರೆ ಅಷ್ಟಕ್ಕೇ ನಿಲ್ಲಬಹುದೇ?
5. 1, 3, 3, 3, 5, 5, 5, 5, 5, 7, … ಇದರಲ್ಲಿ ಪ್ರತಿ ಬೆಸ ಸಂಖ್ಯೆಯೂ ತನ್ನ ಬೆಲೆಯಷ್ಟು ಸಲ ಬರುತ್ತದೆ. 50ನೆಯ ಮತ್ತು 100ನೆಯ ಸ್ಥಾನಗಳಲ್ಲಿ ಏನಿದೆ?
6. ಮುಂದುವರಿದ ಮಕ್ಕಳಿಗೆ: 1, 13, 135, … ಅನುಕ್ರಮದ ಮೊದಲ 45 ಪದಗಳಲ್ಲಿ 9ರಿಂದ ಭಾಗವಾಗುವವು ಎಷ್ಟು? ಅವು ಯಾವ ಸ್ಥಾನಗಳಲ್ಲಿವೆ?

ಉತ್ತರಗಳು

1. 128 = 25 × 5 + 3; ಅಂಕಿ 5.
2. ಅಂಕಿಮೊತ್ತ 4 × 25 = 100; ಶೇಷ 1.
3. ಭಾಗವಾಗುವುದಿಲ್ಲ. ಅಂಕಿಮೊತ್ತ 359, ಶೇಷ 2. ಇನ್ನೊಂದು ರೀತಿ: 73 = 4 × 15 + 13; ಶೇಷಗಳ ಸುತ್ತಿನಲ್ಲಿ 13ನೆಯದು 2.
4. ಅಲ್ಲ. 1357 = 23 × 59. ವರ್ಗಮೂಲವು 36 ಮತ್ತು 37ರ ನಡುವೆ ಇರುವುದರಿಂದ 31ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಪರೀಕ್ಷಿಸುವವರೆಗೆ ತೀರ್ಪು ಕೊಡಲಾಗದು.
5. ಮೊದಲ ಏಳು ಬೆಸ ಸಂಖ್ಯೆಗಳು 49 ಸ್ಥಾನಗಳನ್ನು ತುಂಬುತ್ತವೆ. ಆದ್ದರಿಂದ 50ನೆಯದು 15. ಹತ್ತು ಬೆಸ ಸಂಖ್ಯೆಗಳು 100 ಸ್ಥಾನಗಳನ್ನು ತುಂಬುತ್ತವೆ, 100ನೆಯದು 19.
6. ಐದು: 3, 12, 26, 44 ಮತ್ತು 45ನೆಯ ಪದಗಳು. ಅವುಗಳ ಅಂಕಿಮೊತ್ತಗಳು ಕ್ರಮವಾಗಿ 9, 54, 126, 216, 225.

ಮೌಲ್ಯಮಾಪನ

ಈ ಪಾಠದಲ್ಲಿ ಉತ್ತರಕ್ಕೆ ಅರ್ಧ ಅಂಕ, ಕಾರಣಕ್ಕೆ ಅರ್ಧ ಅಂಕ ಎಂಬ ಲೆಕ್ಕವನ್ನು ಮೊದಲೇ ಮಕ್ಕಳಿಗೆ ತಿಳಿಸಬೇಕು. ಉತ್ತರ ತಪ್ಪಿದ್ದರೂ ಕಾರಣದ ದಾರಿ ಸರಿಯಿದ್ದರೆ ಅದರ ಅಂಕ ದೊರೆಯಲಿ. ನಾಲ್ಕನೆಯ ಪೀರಿಯಡ್ಡಿನ ಕೊನೆಗೆ ಪ್ರತಿ ಮಗುವೂ ತನ್ನದೇ ಸುತ್ತೊಂದನ್ನು ಆರಿಸಿಕೊಂಡು (3, 7 ಅಥವಾ 1, 5, 9 ಇದ್ದಂತೆ) ಅದರ ಅಂಕಿಮೊತ್ತ ಮತ್ತು 3ರ ಶೇಷಗಳನ್ನು ಬರೆದು, ಶೇಷಗಳು ಎಷ್ಟು ಪದಗಳಿಗೊಮ್ಮೆ ಮರಳುತ್ತವೆ, ಏಕೆ, ಎಂದು ಎರಡು ವಾಕ್ಯಗಳಲ್ಲಿ ಹೇಳಬೇಕು. 3, 7ರ ಸುತ್ತಿನಲ್ಲಿ ಮೊತ್ತ 10 ಆದುದರಿಂದ ಶೇಷಗಳು ಆರಕ್ಕೊಮ್ಮೆ ಮರಳುತ್ತವೆ. 1, 5, 9ರ ಸುತ್ತಿನಲ್ಲಿ ಮೊತ್ತ 15 ಆದುದರಿಂದ ಮೂರಕ್ಕೊಮ್ಮೆಯೇ ಮರಳುತ್ತವೆ. ಈ ಎರಡು ಫಲಗಳ ಅಂತರಕ್ಕೆ ಕಾರಣ ಬರೆದ ಮಗುವಿಗೆ ಪಾಠ ದಕ್ಕಿದೆ ಎಂದು ತಿಳಿಯಬಹುದು.